ಸಹಾಯ ಬೇಕು: ಜರ್ಮನಿ ಬಿಟ್ಟು ಹೊರಡುವವರು ಮೊಬೈಲ್ ಕಾಂಟ್ರ್ಯಾಕ್ಟ್ ಹೇಗೆ ಮುಗಿಸಿದಿರಿ?

ಎಲ್ಲರಿಗೂ ನಮಸ್ಕಾರ. ನಾವು ಮ್ಯೂನಿಕ್‌ನಲ್ಲಿದ್ದೇವೆ. ಮುಂದಿನ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿ ಮೈಸೂರಿಗೆ ವಾಪಸ್, ಖಾಯಂ ಆಗಿ. ಮನೆ, ಕರೆಂಟು, ಇನ್ಶೂರೆನ್ಸ್ ಎಲ್ಲ ಒಂದು ದಾರಿಗೆ ಬಂದಿದೆ. ಉಳಿದಿರುವುದು ನನ್ನ ಹೆಂಡತಿಯ ಮೊಬೈಲ್ ಒಂದೇ. 24 ತಿಂಗಳ ಕಾಂಟ್ರ್ಯಾಕ್ಟ್, ಇನ್ನೂ 11 ತಿಂಗಳು ಬಾಕಿ. ಫೋನಿನ ಕಂತೂ ಅದರಲ್ಲೇ ಸೇರಿದೆ.

ಕಂಪನಿಗೆ ಬರೆದರೆ, 'ನಿಮ್ಮ ಪ್ಲಾನ್‌ನಲ್ಲಿ ಯುರೋಪ್ ರೋಮಿಂಗ್ ಇದೆಯಲ್ಲ' ಎಂದು ಉತ್ತರ ಬಂತು. ಮೈಸೂರು ಯುರೋಪಿಗೆ ಯಾವಾಗ ಸೇರಿತೋ ಗೊತ್ತಿಲ್ಲ! ಮತ್ತೆ ಬರೆದೆ. ಈಗ ಅಬ್‌ಮೆಲ್ಡುಂಗ್ ಪತ್ರ (ಊರು ಬಿಡುತ್ತಿದ್ದೇವೆಂದು ನಗರ ಕಚೇರಿಯಲ್ಲಿ ಹೆಸರು ತೆಗೆಸಿದ್ದಕ್ಕೆ ಕೊಡುವ ದಾಖಲೆ) ಕೇಳುತ್ತಿದ್ದಾರೆ. ಊರು ಬಿಡುವ ಒಂದು ವಾರದ ಮುಂಚೆ ಮಾತ್ರ ಅದನ್ನು ಮಾಡಿಸಲು ಆಗುವುದು. ಅಲ್ಲಿಯವರೆಗೆ ಸುಮ್ನೆ ಕೂರಬೇಕಾ?

2021ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಟೆಲಿಕಾಂ ಕಾನೂನಿನ 60ನೇ ಕಲಂ ಓದಿದೆ. ಹೊಸ ವಿಳಾಸದಲ್ಲಿ ಅವರ ಸೇವೆ ಸಿಗದಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂದಿದೆ. ಮನೆಯ ಇಂಟರ್ನೆಟ್ಟನ್ನು ನಾವು ಹಾಗೇ ಮುಗಿಸಿದೆವು, ತಕರಾರಿಲ್ಲದೆ ಒಪ್ಪಿದರು. ಮೊಬೈಲ್‌ಗೂ ಇದನ್ನೇ ತೋರಿಸಿ ಬಿಡಿಸಿಕೊಂಡವರು ಯಾರಾದರೂ ಇದ್ದೀರಾ? ಪತ್ರದಲ್ಲಿ ಏನು ಬರೆದಿರಿ? ಫೋನಿನ ಬಾಕಿ ಕಂತನ್ನು ಒಟ್ಟಿಗೆ ಕಟ್ಟಲು ನಾವು ತಯಾರು, ಅದು ನ್ಯಾಯವೇ. ಬಳಸದ ಸಿಮ್‌ಗೆ ದುಡ್ಡು ಕಟ್ಟುವುದು ಮಾತ್ರ ಹೊಟ್ಟೆ ಉರಿಸುತ್ತದೆ.

'ಬ್ಯಾಂಕ್ ಖಾತೆ ಮುಚ್ಚಿ ಹೊರಟುಬಿಡಿ, ಯಾರು ಕೇಳ್ತಾರೆ' ಎನ್ನುವ ಸಲಹೆ ಬೇಡ ಪ್ಲೀಸ್. ಶೂಫಾದಲ್ಲಿ (ಯಾರು ಸಾಲ, ಬಿಲ್ಲು ಸರಿಯಾಗಿ ಕಟ್ಟುತ್ತಾರೆಂದು ದಾಖಲೆ ಇಡುವ ಇಲ್ಲಿನ ಸಂಸ್ಥೆ) ಹೆಸರು ಕೆಡಿಸಿಕೊಳ್ಳುವ ಆಸೆ ಇಲ್ಲ, ಮುಂದೆ ಮಗಳು ಓದಲು ಇಲ್ಲಿಗೇ ಬಂದರೂ ಬಂದಾಳು.

ಇನ್ನೊಂದು ದಾರಿ, ಕಾಂಟ್ರ್ಯಾಕ್ಟನ್ನು ಬೇರೆಯವರ ಹೆಸರಿಗೆ ಮಾಡಿಕೊಡುವುದು. ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ ಬೇಕಿದ್ದರೆ ಮೆಸೇಜ್ ಮಾಡಿ, ಕಂಪನಿ ಒಪ್ಪಿದರೆ ವರ್ಗಾವಣೆ ಖರ್ಚು ನಮ್ಮದೇ.