ಹಳೆ ಕಾರಿನ ಫ್ಯೂಸ್, ರಿಲೇ: ಮಳೆಗಾಲದ ಪ್ರಶ್ನೋತ್ತರ

ಅಡ್ಮಿನ್: ಕಾರವಾರದ ಆಟೋ ಇಲೆಕ್ಟ್ರಿಶಿಯನ್ ಇವತ್ತು ಗುಂಪಿನಲ್ಲಿ ಉತ್ತರಿಸುತ್ತಾರೆ. ಹೆಸರಿನ ಬದಲು ಊರು, ಗಾಡಿ ಹಾಕಿ (800 ಅಂದರೆ ಮಾರುತಿ 800), ಯಾವ ಫ್ಯೂಸು, ಎಷ್ಟು ಆಂಪಿಯರಿನದು ಎಂದು ಬರೆದು ಕೇಳಿ. ಫೋಟೋ ಇದ್ದರೆ ಹಾಕಿ.

ಕುಮಟಾ ಝೆನ್: ಎಡಗಡೆ ಹೆಡ್‌ಲೈಟ್ ಮಂಕಾಗಿದೆ. ಬಲ್ಬ್ ಹೊಸದು ಹಾಕಿದರೂ ಹಾಗೇ ಇದೆ. ಫ್ಯೂಸ್ ಸರಿ ಇದೆ.

ಇಲೆಕ್ಟ್ರಿಶಿಯನ್: ನಮಸ್ಕಾರ. ಒಂದೇ ಬದಿ ಮಂಕು ಅಂದರೆ ಮೊದಲ ಅನುಮಾನ ಅರ್ಥಿಂಗ್ ಮೇಲೆ, ಅಂದರೆ ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುವ ದಾರಿಯ ಮೇಲೆ. ಲೈಟ್ ಹಚ್ಚಿಟ್ಟೇ ಅಳೆಯಿರಿ. ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಬಲ್ಬಿನ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. 0.2 ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಪ್ಲಸ್ ಬದಿಯನ್ನೂ ಹಾಗೇ, ಬಲ್ಬಿನ ಪ್ಲಸ್ ಪಿನ್ನಿನಿಂದ ಬ್ಯಾಟರಿಯ ಪ್ಲಸ್‌ಗೆ ಅಳೆಯಿರಿ, ಅಲ್ಲಿ 0.5ರ ಒಳಗಿರಬೇಕು. ಅರ್ಥ್ ಸ್ಕ್ರೂ ಬಿಚ್ಚಿ, ತಗಡು ಹೊಳೆಯುವವರೆಗೆ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಬಣ್ಣ ಹಚ್ಚಿ. ಬಣ್ಣ ಮೊದಲು ಹಚ್ಚಿ ಸ್ಕ್ರೂ ಆಮೇಲೆ ಹಾಕಿದರೆ ಮಾಡಿದ ಕೆಲಸ ವ್ಯರ್ಥ.

ಅಂಕೋಲಾ ಪದ್ಮಿನಿ: ಹಾರ್ನ್ ಒತ್ತಿದರೆ ರಿಲೇ ಟಕ್ ಅನ್ನುತ್ತದೆ, ಹಾರ್ನ್ ಬರುವುದಿಲ್ಲ. ಹಾಗಾದರೆ ರಿಲೇ ಸರಿ ಇದೆ ತಾನೆ?

ಇಲೆಕ್ಟ್ರಿಶಿಯನ್: ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್. ಟಕ್ ಅಂದರೆ ಅದನ್ನು ಎಳೆಯುವ ಕಾಯಿಲ್ ಬದುಕಿದೆ ಅಂತ ಅಷ್ಟೇ. 85 ಮತ್ತು 86 ಕಾಯಿಲಿನ ಪಿನ್. 30ಕ್ಕೆ ಬ್ಯಾಟರಿ ಕರೆಂಟ್ ಬರುತ್ತದೆ, 87ರಿಂದ ಹಾರ್ನಿಗೆ ಹೋಗುತ್ತದೆ. ಒಳಗಿನ ಪಾಯಿಂಟ್ ಸುಟ್ಟು ಕಪ್ಪಾಗಿದ್ದರೂ ಟಕ್ ಶಬ್ದ ಬರುತ್ತದೆ. ಹಾರ್ನ್ ಒತ್ತಿ ಹಿಡಿದು 30ರಲ್ಲಿ 12 ವೋಲ್ಟ್ ಇದೆಯಾ, 87ರಲ್ಲೂ ಇದೆಯಾ ನೋಡಿ. 30ರಲ್ಲಿದ್ದು 87ರಲ್ಲಿ ಇಲ್ಲದಿದ್ದರೆ ರಿಲೇ ಬದಲಿಸಿ. ಎರಡರಲ್ಲೂ ಇದ್ದರೆ ಹಾರ್ನಿನ ವೈರ್ ಅಥವಾ ಹಾರ್ನೇ ಕೆಟ್ಟಿದೆ.

ಶಿರಸಿ 800: ಇದು ಬೇರೆ ಗುಂಪಿನಿಂದ ಬಂದದ್ದು, ಎಲ್ಲರಿಗೂ ಉಪಯೋಗ ಆಗಬಹುದು: ‘ಫ್ಯೂಸ್ ಬಾಕ್ಸಿಗೆ ಕಿಲುಬು ಹಿಡಿದರೆ ಹುಣಸೆಹಣ್ಣಿನ ರಸಕ್ಕೆ ಉಪ್ಪು ಬೆರೆಸಿ ಬ್ರಷ್‌ನಲ್ಲಿ ತಿಕ್ಕಿ, ಮೇಲೆ ಕೊಬ್ಬರಿ ಎಣ್ಣೆ ಸವರಿ.’

ಇಲೆಕ್ಟ್ರಿಶಿಯನ್: ದಯವಿಟ್ಟು ಯಾರೂ ಮಾಡಬೇಡಿ. ಹಿತ್ತಾಳೆ ಚೊಂಬು ಹುಣಸೆಹುಳಿಯಲ್ಲಿ ಹೊಳೆಯುತ್ತದೆ, ಆದರೆ ಆಮೇಲೆ ಅದನ್ನು ಮೂರು ನೀರಿನಲ್ಲಿ ತೊಳೆಯುತ್ತೀರಿ. ಫ್ಯೂಸ್ ಬಾಕ್ಸನ್ನು ತೊಳೆಯಲು ಆಗುವುದಿಲ್ಲ. ಹುಳಿ, ಉಪ್ಪು ಟರ್ಮಿನಲ್ ಸಂದಿಯಲ್ಲೇ ಕೂರುತ್ತದೆ, ಗಾಳಿಯ ತೇವ ಹೀರುತ್ತದೆ, ಒಂದು ಟರ್ಮಿನಲ್‌ನಿಂದ ಪಕ್ಕದ್ದಕ್ಕೆ ಕರೆಂಟ್ ಸೋರುತ್ತದೆ. ಕಡಲಬದಿಯ ಉಪ್ಪುಗಾಳಿ ಹತ್ತು ವರ್ಷದಲ್ಲಿ ಮಾಡುವ ಹಾಳನ್ನು ಒಂದೇ ಮಳೆಗಾಲದಲ್ಲಿ ಮಾಡಿಕೊಂಡ ಹಾಗೆ. ಬ್ಯಾಟರಿ ಬಿಚ್ಚಿ, ಫ್ಯೂಸ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಷ್‌ನಲ್ಲಿ ತಿಕ್ಕಿ ಒಣಗಿಸಿ. ಫ್ಯೂಸ್ ಸಡಿಲಾಗಿ ಕೂತರೆ ಆ ಟರ್ಮಿನಲ್ ಹೊರತೆಗೆದು ಬಾಯಿ ಬಿಗಿ ಮಾಡಿ. ಬಿಸಿಗೆ ನೀಲಿ ತಿರುಗಿ ಸ್ಪ್ರಿಂಗ್ ಹೋಗಿದ್ದರೆ ಹೊಸ ಟರ್ಮಿನಲ್ಲೇ ಹಾಕಬೇಕು.

ಭಟ್ಕಳ ಅಂಬಾಸಡರ್: ನನ್ನದರಲ್ಲಿ ಲ್ಯೂಕಾಸ್ ಕಂಪನಿಯ ಗಾಜಿನ ಫ್ಯೂಸ್, 35 ಅಂತ ಬರೆದಿದೆ. ಈಗ ಸಿಗುವುದಿಲ್ಲ. 30ರ ಬ್ಲೇಡ್ (ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸ್) ಹಾಕಲೇ?

ಇಲೆಕ್ಟ್ರಿಶಿಯನ್: ಬೇಡ. ಲ್ಯೂಕಾಸಿನ 35 ಅಂದರೆ ಅದು ಕರಗುವ ಅಂಕಿ. ಎಡೆಬಿಡದೆ ಹೊರುವುದು ಅದರ ಅರ್ಧ, 17 ಚಿಲ್ಲರೆ. ಬ್ಲೇಡ್ ಮೇಲೆ ಬರೆಯುವುದು ಹೊರುವ ಅಂಕಿ. ನೀಲಿ 15 ಹಾಕಿ ನೋಡಿ, ಹೊರೆ ಅಳೆದ ಮೇಲೆ ಬೇಕೇ ಬೇಕಾದರೆ ಹಳದಿ 20. ಅದಕ್ಕಿಂತ ಮೇಲೆ ಹೋಗಬೇಡಿ.

ಮುರ್ಡೇಶ್ವರ ಎಸ್ಟೀಮ್: ಪವರ್ ವಿಂಡೋ ಅರ್ಧಕ್ಕೆ ನಿಲ್ಲುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಏರುತ್ತದೆ. ಫ್ಯೂಸೋ ರಿಲೇಯೋ?

ಹೊನ್ನಾವರ ಓಮ್ನಿ: 2005ರ ಓಮ್ನಿ, ಎಲ್‌ಪಿಜಿ ಕಿಟ್ ಹಾಕಿಸಿದ್ದು. ಪಾರ್ಕ್ ಲೈಟ್ ಹಚ್ಚಿದರೆ 10ರ ಫ್ಯೂಸ್ ಹೋಗುತ್ತಿತ್ತು, ಮಳೆ ಇದ್ದ ದಿನ ಜಾಸ್ತಿ. ಗ್ಯಾರೇಜಿನಲ್ಲಿ 30 ಹಾಕಿಕೊಟ್ಟರು, ಈಗ ಹೋಗುತ್ತಿಲ್ಲ. ಆದರೆ ರಾತ್ರಿ ಡ್ಯಾಶ್‌ಬೋರ್ಡ್ ಕೆಳಗಿಂದ ಪ್ಲಾಸ್ಟಿಕ್ ಕಾದ ವಾಸನೆ ಬರುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ. ಓಡಿಸಬಹುದಾ?

ಇಲೆಕ್ಟ್ರಿಶಿಯನ್: ಓಡಿಸಬೇಡಿ. ಈಗಲೇ ಹೋಗಿ ಬ್ಯಾಟರಿಯ ಮೈನಸ್ ಬಿಚ್ಚಿ, ಎಲ್‌ಪಿಜಿ ಟ್ಯಾಂಕಿನ ವಾಲ್ವ್ ಕೈಯಿಂದ ಮುಚ್ಚಿ. ಉಳಿದದ್ದನ್ನು ಆಮೇಲೆ ಓದಿ.

ಪಾರ್ಕ್ ಲೈಟ್ ಸಾಲಿನಲ್ಲಿ ಇರುವುದು 5 ವಾಟಿನ ನಾಲ್ಕು ಬಲ್ಬು, ನಂಬರ್ ಪ್ಲೇಟ್, ಮೀಟರಿನ ದೀಪ. ಎಲ್ಲ ಸೇರಿ ಮೂರು ಆಂಪಿಯರ್ ಆಸುಪಾಸು. 10ರ ಫ್ಯೂಸ್ ಧಾರಾಳ ಸಾಕು. ಅದೇ ಹೋಗುತ್ತಿತ್ತು ಅಂದರೆ ವೈರ್ ಎಲ್ಲೋ ಗಾಡಿಯ ತಗಡಿನ ಬಾಡಿಗೆ ತಾಗಿ ಶಾರ್ಟ್ ಆಗುತ್ತಿದೆ. ಈಗ 30 ಉಳಿಯುತ್ತಿದೆ ಅಂದರೆ ತೊಂದರೆ ಹೋಗಿಲ್ಲ, 10 ದಾಟಿದ ಕರೆಂಟ್ ಆ ವೈರಿನಲ್ಲಿ ತಡೆಯಿಲ್ಲದೆ ಹರಿಯುತ್ತಿದೆ. ಆ ವೈರ್ ಸುಮಾರು ಒಂದು ಚದರ ಮಿಲಿಮೀಟರಿನದು. 30ರ ಫ್ಯೂಸ್ ಕರಗುವ ಮೊದಲು ವೈರಿನ ಹೊದಿಕೆಯೇ ಕರಗಬಹುದು. ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ವೈರನ್ನು. ಆ ಹೊದಿಕೆ ಮೆತ್ತಗಾದರೆ ಅದೇ ಕಟ್ಟಿನಲ್ಲಿರುವ ಪಕ್ಕದ ವೈರುಗಳೂ ಬರಿಮೈಯಾಗುತ್ತವೆ. ಅವುಗಳಲ್ಲಿ ಫ್ಯೂಸ್ ಇಲ್ಲದ ಇಗ್ನಿಶನ್ ವೈರ್ ಇರಬಹುದು. ಓಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗೇ ಇದೆ, ಅದರ ಜೊತೆಗೆ ಗ್ಯಾಸ್. ಇದಕ್ಕೇ ಓಡಿಸಬೇಡಿ ಅಂದದ್ದು.

ಹುಡುಕುವ ಕ್ರಮ: ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರ್ ಬೆಸೆದು, ಸುಟ್ಟ ಫ್ಯೂಸಿನ ಎರಡು ಕಾಲಿಗೆ ಕೂಡಿಸಿ ಫ್ಯೂಸ್ ಜಾಗದಲ್ಲಿ ಹಾಕಿ. ಪಾರ್ಕ್ ಸಾಲಿನ ಬಲ್ಬುಗಳನ್ನೆಲ್ಲ ಕಿತ್ತಿಡಿ. ಅದಾದ ಮೇಲೆ ಬ್ಯಾಟರಿ ಕೂಡಿಸಿ ಸ್ವಿಚ್ ಹಾಕಿ. ಪೂರ್ತಿ ಶಾರ್ಟ್ ಇದ್ದರೂ ಈ ಬಲ್ಬು ಎರಡು ಆಂಪಿಯರ್ ಒಳಗೇ ಬಿಡುತ್ತದೆ, ವೈರ್ ಸುಡುವುದಿಲ್ಲ. ಬಲ್ಬು ಬೆಳಗಿತೆಂದರೆ ಶಾರ್ಟ್ ಜೀವಂತ ಇದೆ. ಈಗ ಹಿಂದಿನಿಂದ ಒಂದೊಂದೇ ಕನೆಕ್ಟರ್ ಬಿಚ್ಚುತ್ತ, ವೈರ್ ಅಲುಗಿಸುತ್ತ ಬನ್ನಿ. ಯಾವುದಕ್ಕೆ ಆರಿತೋ ಅಲ್ಲಿದೆ. ನಂಬರ್ ಪ್ಲೇಟ್ ಹೋಲ್ಡರ್, ಹಿಂದಿನ ದೀಪದ ಸಾಕೆಟ್, ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕಳಚಿದ ಜಾಗ, ಸೀಟಿನ ಬೋಲ್ಟ್, ಸ್ಪೀಕರ್ ಸ್ಕ್ರೂ ಇವನ್ನು ಮೊದಲು ನೋಡಿ. ಮಳೆನೀರೊಂದೇ ಹತ್ತು ಆಂಪಿಯರ್ ಎಳೆಯದು. ಹೋಲ್ಡರ್ ಒಳಗೆ ತುಕ್ಕು ಹಿಡಿದು ಪಿನ್ನೇ ಬಾಡಿಗೆ ಒರಗಿರುತ್ತದೆ. ಸಿಕ್ಕಿದ ಮೇಲೆ ಫ್ಯೂಸ್ ಬಾಕ್ಸಿನಿಂದ ಒಂದು ಮೊಳ ದೂರ ಕಟ್ಟಿನ ಟೇಪ್ ಬಿಚ್ಚಿ ಒಳಗಿನ ವೈರ್ ನೋಡಿ ಫೋಟೋ ಕಳಿಸಿ.

ಅಂಕೋಲಾ ಪದ್ಮಿನಿ: ಮೈನಸ್ ಅಲ್ಲ, ಪ್ಲಸ್ ಮೊದಲು ಬಿಚ್ಚಬೇಕು. ಕರೆಂಟ್ ಬರುವುದೇ ಅಲ್ಲಿಂದ.

ಯಲ್ಲಾಪುರ ಜಿಪ್ಸಿ: ತಪ್ಪು. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಮೊದಲು ಬಿಚ್ಚಿದರೆ ಆ ಭಯ ಇಲ್ಲ.

ಅಂಕೋಲಾ ಪದ್ಮಿನಿ: ಎಲ್ಲರೂ ಪ್ಲಸ್ಸೇ ಬಿಚ್ಚುವುದು ಮಾರಾಯ್ರೆ.

ಭಟ್ಕಳ ಅಂಬಾಸಡರ್: ಹಳೆ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರಿರುತ್ತಿತ್ತು. ಅವಕ್ಕೆ ನಿಮ್ಮಿಬ್ಬರ ಮಾತೂ ತಿರುಗುಮುರುಗು.

ಇಲೆಕ್ಟ್ರಿಶಿಯನ್: ಬಾಡಿಗೆ ಸೇರಿದ ತುದಿ ಮೊದಲು ಬಿಚ್ಚುವುದು, ಕೊನೆಗೆ ಕೂಡಿಸುವುದು. ಓಮ್ನಿಯಲ್ಲಿ ಅದು ಮೈನಸ್. ಈ ವಿಷಯ ಸಾಕು.

ಶಿರಸಿ 800: ದೇವಿಮನೆ ಘಟ್ಟದ ಮಳೆ, ಮಂಜಿಗೆ ಬೆಳಕು ಸಾಲುವುದಿಲ್ಲ. 100/90ರ (ಹೈ ಬೀಮ್ 100, ಲೋ ಬೀಮ್ 90 ವಾಟ್) ಬಲ್ಬ್ ಹಾಕುತ್ತೇನೆ, ಫ್ಯೂಸ್ ಒಂದು ನಂಬರ್ ಏರಿಸಿದರೆ ಆಯಿತಲ್ಲ?

ಯಲ್ಲಾಪುರ ಜಿಪ್ಸಿ: ಸ್ವಿಚ್ ಸುಡುತ್ತದೆ. ರಿಲೇ ಹಾಕಿ. 100 ವಾಟಿನ ಎರಡು ಬಲ್ಬು ಅಂದರೆ 16 ಆಂಪಿಯರ್ ಮೇಲೆ.

ಶಿರಸಿ 800: ರಿಲೇ ಹಾಕುವವರೆಲ್ಲ ಕಂಪನಿ ವೈರಿಂಗ್ ಹಾಳು ಮಾಡಿಕೊಂಡವರೇ.

ಯಲ್ಲಾಪುರ ಜಿಪ್ಸಿ: ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಿರಿ, ಹುಣಸೆಹುಳಿ ಹಂಚಬೇಡಿ.

ಶಿರಸಿ 800: ಮಾತು ನೋಡಿ ಆಡಿ.

ಇಲೆಕ್ಟ್ರಿಶಿಯನ್: ಫ್ಯೂಸ್ ಏರಿಸಬಾರದು ಎಂದು ಓಮ್ನಿಗೆ ಇಷ್ಟುದ್ದ ಬರೆದೆ, ಅದರ ಕೆಳಗೇ ಈ ಪ್ರಶ್ನೆ. 60/55 ಬಲ್ಬೇ ಇರಲಿ. ಲೋ, ಹೈ ಎರಡಕ್ಕೂ ಒಂದೊಂದು ರಿಲೇ, ಬ್ಯಾಟರಿಯಿಂದ ಒಂದು ಗೇಣಿನೊಳಗೆ 15ರ ಫ್ಯೂಸ್, 2.5 ಚದರ ಮಿಲಿಮೀಟರ್ ವೈರ್, ಅರ್ಥಿಂಗಿಗೂ ಅಷ್ಟೇ ದಪ್ಪ. ಹಳೆ ಸ್ವಿಚ್ ವೈರ್ ಈಗ ಕಾಯಿಲಿಗೆ ಮಾತ್ರ, ಅದು ಎಳೆಯುವುದು 0.2 ಆಂಪಿಯರ್ ಒಳಗೆ. ಬಲ್ಬಿಗೆ ಒಂದು ವೋಲ್ಟ್ ಕಡಿಮೆ ಬಂದರೂ ಕಾಲು ಪಾಲು ಬೆಳಕು ಹೋಗುತ್ತದೆ. ಬೆಳಕು ಹೆಚ್ಚುವುದು ಆ ವೋಲ್ಟ್ ಮರಳಿ ಬಂದಾಗ. ಮಂಜಿನಲ್ಲಿ ಲೋ ಬೀಮ್.

ಗೋಕರ್ಣ 800: ರಿಲೇ ಟಕ್ ಅನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ. ರಿಲೇ ಸರಿ ತಾನೆ?

ಇಲೆಕ್ಟ್ರಿಶಿಯನ್: ಮೇಲೆ ಪದ್ಮಿನಿಗೆ ಬರೆದಿದೆ.

ದಾಂಡೇಲಿ ಝೆನ್: ಫಾರ್ವರ್ಡ್: ‘ದಾರಿಯಲ್ಲಿ ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿ, ಮನೆ ಮುಟ್ಟುತ್ತೀರಿ.’

ಇಲೆಕ್ಟ್ರಿಶಿಯನ್: ಅಳಿಸಿ. ಆ ಕಾಗದ ಎಷ್ಟು ಆಂಪಿಯರಿಗೆ ಕರಗುತ್ತದೆ ಎಂದು ಬರೆದವನಿಗೂ ಗೊತ್ತಿಲ್ಲ. 10, 15, 20ರ ಎರಡೆರಡು ಫ್ಯೂಸ್ ಗ್ಲೋವ್ ಬಾಕ್ಸಿನಲ್ಲಿಡಿ. ಹೊಸದೂ ಹೋದರೆ ಮೂರನೆಯದು ಹಾಕಬೇಡಿ, ಆ ಸ್ವಿಚ್ ಆಫ್ ಮಾಡಿ ಬನ್ನಿ. ಇನ್ನು ಮುಂದೆ ಫಾರ್ವರ್ಡಿಗೆ ಉತ್ತರಿಸುವುದಿಲ್ಲ.

ಗೋಕರ್ಣ 800: ಮೇಲೆ ಇರುವುದು ಹಾರ್ನಿನದು. ನಾನು ಕೇಳಿದ್ದು ಫ್ಯಾನು.

ಇಲೆಕ್ಟ್ರಿಶಿಯನ್: ಪಿನ್ ಅವೇ.

ಮುರ್ಡೇಶ್ವರ ಎಸ್ಟೀಮ್: ನನ್ನ ಪವರ್ ವಿಂಡೋ?

ಅಡ್ಮಿನ್: ಶಿರಸಿ, ಯಲ್ಲಾಪುರ ಇಬ್ಬರೂ ನಿಲ್ಲಿಸಿ. ಅಳಿಸಿದ ಸಂದೇಶಗಳನ್ನು ಮತ್ತೆ ಹಾಕಬೇಡಿ.

ಹೊನ್ನಾವರ ಓಮ್ನಿ: ಬಲ್ಬ್ ಹಾಕಿ ನೋಡಿದೆ. ಜೋರಾಗಿ ಬೆಳಗಿತು. ನಂಬರ್ ಪ್ಲೇಟ್ ಕನೆಕ್ಟರ್ ಬಿಚ್ಚಿದಾಗ ಆರಿತು. ತಗಡಿನ ತೂತಿನಲ್ಲಿ ಬುಷ್ ಇಲ್ಲ, ವೈರ್ ಸವೆದು ತಾಮ್ರ ಕಾಣುತ್ತದೆ. ಫ್ಯೂಸ್ ಬಾಕ್ಸ್ ಹತ್ತಿರದ ಕಟ್ಟಿನ ಫೋಟೋ ಹಾಕಿದ್ದೇನೆ. 10 ಹಾಕಿ ಓಡಿಸಲೇ?

ಇಲೆಕ್ಟ್ರಿಶಿಯನ್: ಇಲ್ಲ. ಫೋಟೋದಲ್ಲಿ ಮೂರು ವೈರ್ ಒಂದಕ್ಕೊಂದು ಅಂಟಿವೆ. ಟೇಪ್ ಸುತ್ತಿ ಮುಚ್ಚಬೇಡಿ. ಹೊದಿಕೆ ಗಟ್ಟಿಯಾಗಿ ಬಿರಿದಿರುವಷ್ಟು ಉದ್ದ ಮೂರನ್ನೂ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಹಾಕಿ, ಜೋಡಣೆಗಳನ್ನು ಬೇರೆ ಬೇರೆ ಜಾಗದಲ್ಲಿ ಮಾಡಿ, ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಹಿಂದಿನ ತೂತಿಗೆ ಹೊಸ ಬುಷ್. ಅದಾದ ಮೇಲೆ 10. ಅಂಟಿದ ಮೂರರಲ್ಲಿ ಒಂದು ಗ್ಯಾಸ್ ಸೊಲೆನಾಯ್ಡ್‌ಗೆ (ಕರೆಂಟಿನಿಂದ ಗ್ಯಾಸ್ ತೆರೆದು ಮುಚ್ಚುವ ವಾಲ್ವಿಗೆ) ಹೋಗುತ್ತದೆಯೇ ಎಂದು ಎಲ್‌ಪಿಜಿ ಕಿಟ್ ಕೆಲಸ ಬಲ್ಲವರಿಂದ ನೋಡಿಸಿ. ಅಲ್ಲಿಯವರೆಗೆ ಟ್ಯಾಂಕಿನ ವಾಲ್ವ್ ತೆರೆಯಬೇಡಿ.