ಅಮೃತಮಹಲ್ ಕಾವಲಿನ ಹಳೇ ಕಥೆ ಗೊತ್ತಿರೋರು ಇದ್ದೀರಾ?

ಹೊಸದುರ್ಗದ ಹುಡುಗ:
ನಮ್ಮೂರ ಪಕ್ಕ ದೊಡ್ಡ ಹುಲ್ಲುಗಾವಲಿದೆ. ಪಹಣಿಯಲ್ಲಿ ಅಮೃತಮಹಲ್ ಕಾವಲು ಅಂತಿದೆ. ನಡುವೆ ಒಂದು ಹಳೇ ಕಟ್ಟೆ, ದಂಡೆ ಮೇಲೆ ಜಾಲಿ ಮರಗಳು. ಸುತ್ತ ಒಂದು ಮನೆಯೂ ಇಲ್ಲ. ಯಾರೂ ಇಲ್ಲದ ಕಡೆ ಕಟ್ಟೆ ಯಾಕೆ? ಊರಲ್ಲಿ ಕೇಳಿದರೆ ‘ಟಿಪ್ಪು ಕಾಲದ್ದು ಕಣಪ್ಪ’ ಅಂತಾರೆ, ಅಷ್ಟೇ.

ಅಜ್ಜಂಪುರದ ಹಳಬ:
ಕಾವಲು ಟಿಪ್ಪುಗಿಂತ ಹಳೆಯದು ತಮ್ಮಾ. ಚಿಕ್ಕದೇವರಾಜ ಒಡೆಯರ ಕಾಲದಲ್ಲೇ (1673–1704) ಅರಮನೆಗೆ ಹಾಲು ಬೆಣ್ಣೆ ಒದಗಿಸೋಕೆ ಬೆಣ್ಣೆ ಚಾವಡಿ ಅನ್ನೋ ಇಲಾಖೆ ಇತ್ತು. ಅದರ ದನಗಳಿಗೆ ಅಲ್ಲಲ್ಲಿ ಹುಲ್ಲುಗಾವಲು ಬಿಟ್ಟಿದ್ದರು. ಹೈದರ್ ಅಲಿ ಆ ದನಗಳನ್ನು ದಂಡಿನ ಕೆಲಸಕ್ಕೆ ಹಚ್ಚಿದ. ಫಿರಂಗಿ ಎಳೆದುಕೊಂಡು ಓಡುವ ಎತ್ತು ಬೇಕಿತ್ತು ಅವನಿಗೆ. ಬೆಣ್ಣೆ ಚಾವಡಿಗೆ ಅಮೃತಮಹಲ್ ಅನ್ನೋ ಹೆಸರು ಟಿಪ್ಪು ಇಟ್ಟಿದ್ದು.

ಕಟ್ಟೆ ವಿಷಯಕ್ಕೆ ಬರೋಣ. ಮಳೆಗಾಲಕ್ಕೊಂದು ಕಾವಲು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಹಿಂಡು ವರ್ಷಪೂರ್ತಿ ತಿರುಗುತ್ತಲೇ ಇರಬೇಕು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತದೆ. ಬೇಸಿಗೆ ಕಾವಲಿಗೆ ನೀರು, ನೆರಳು ಎರಡೂ ಬೇಕು. ನಿಮ್ಮದು ಅಂಥದ್ದೇ ಇರಬೇಕು. ಅದನ್ನು ‘ಬೀಳು ಜಮೀನು’ ಅಂತ ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಅಜ್ಜ ಹಿಂಡಿನ ಉಸ್ತುವಾರಿ ನೋಡೋ ಸೇರ್ವೆಗಾರರ ಕೈಕೆಳಗೆ ದನ ಕಾಯುತ್ತಿದ್ದರು. ಈ ದನ ಕೊಟ್ಟಿಗೆ ಕಂಡಿದ್ದಲ್ಲ, ಮಳೆ ಬಿಸಿಲು ಎಲ್ಲ ಬಯಲಲ್ಲೇ. ಕೊಂಬು ನೋಡಿದ್ದೀರಾ? ಹಣೆ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಕರಿ ತುದಿಯಲ್ಲಿ ಚೂಪಾಗುತ್ತದೆ. ಅಜ್ಜ ಒಮ್ಮೆ ಹೊಸ ಕಂಬಳಿ ಹೊದ್ದು ಹೋದಾಗ ಅವರ ಹಿಂಡೇ ಗುರುತು ಹಿಡಿಯದೆ ಬೆದರಿತಂತೆ. ಕಂಬಳಿ ಬಿಸಾಕಿ ಕೂಗು ಹಾಕಿದ ಮೇಲೇ ಹತ್ತಿರ ಬಂದಿದ್ದು.

ಮಾಸ್ತರು:
ಮುಂದಿನದನ್ನೂ ಸೇರಿಸುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. 1860ರಲ್ಲಿ ಖರ್ಚು ಜಾಸ್ತಿ ಅಂತ ಮಾರಿಬಿಟ್ಟರು. ಆಮೇಲೆ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಒದ್ದಾಡಿ, 1866ರಲ್ಲಿ ಮತ್ತೆ ಹಿಂಡು ಕಟ್ಟಲು ಶುರು ಮಾಡಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು.

ಕುರಿಗಾಹಿ_ಚಳ್ಳಕೆರೆ:
ಬರೀ ರಾಜರ ದನದ ಕಥೆ ಆಯ್ತಲ್ಲ ಸಾರ್. ನಮ್ಮ ಕುರಿಗಳೂ ಅದೇ ಕಾವಲಲ್ಲಿ ಮೇಯ್ದು ಬೆಳೆದವು. ಆ ಉಣ್ಣೆಯಿಂದಲೇ ಕಂಬಳಿ ನೇಯ್ದು ಎಷ್ಟೋ ಮನೆ ನಡೆದವು. ನಮ್ಮ ಕಡೆ ಕಾವಲಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಯೋಜನೆಗಳಿಗೆ ಹೋಯಿತು. ಹಿಂಡು ಹೋಗೋ ದಾರಿಗೇ ಗೋಡೆ ಬಂತು. ಈಗ ಸುತ್ತು ಹಾಕಿ ಹೋಗುತ್ತೇವೆ.

ಅಜ್ಜಂಪುರದ ಹಳಬ:
ನಿಜ ಕಣಪ್ಪ. ನಮ್ಮಜ್ಜನ ಕಂಬಳಿಯೂ ನಿಮ್ಮ ಕಡೆಯವರು ನೇಯ್ದದ್ದೇ ಇರಬೇಕು.

ಹೊಸದುರ್ಗದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಆ ದನ ಈಗ ನೋಡೋಕೆ ಸಿಗುತ್ತಾ?

ಅಜ್ಜಂಪುರದ ಹಳಬ:
ನಮ್ಮೂರಲ್ಲೇ ತಳಿ ಕೇಂದ್ರ ಇದೆ, ಬನ್ನಿ. ಹೋರಿ ಹರಾಜಿನ ಹೊತ್ತಿಗೆ ಬಂದರೆ ಇನ್ನೂ ಚೆನ್ನ. ಹಗ್ಗವೇ ಕಾಣದ ಹೋರಿಗಳನ್ನು ಹಿಡಿದು ಲಾರಿ ಹತ್ತಿಸೋದನ್ನು ನೋಡಬೇಕು. ಬೇಲಿಯಿಂದ ಈಚೆಗೇ ನಿಂತ್ಕೊಳ್ಳಿ. ಹಾಗೇ ಕಡೂರು ಕಡೆ ಬಾಸೂರು ಕಾವಲಿಗೂ ಹೋಗಿ ಬನ್ನಿ, ಕೃಷ್ಣಮೃಗ ಇವೆ.