ಸಹಾಯ ಬೇಕು: ಕೆಮಿಸ್ಟ್ರಿ ಪಿಎಚ್‌ಡಿ ಆದವರಿಗೆ ಕಾಲೇಜು ಬಿಟ್ಟು ಬೇರೆ ಕೆಲಸ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮುಗಿದು ಮೂರು ವರ್ಷ ಆಯಿತು, ಮೈಸೂರಿನಲ್ಲಿ ಅತಿಥಿ ಉಪನ್ಯಾಸಕಿ. ಪಾಠ ಮಾಡುವುದು ತುಂಬಾ ಇಷ್ಟ, ಆದರೆ ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಕಾದು, ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ ಮನೆ ನಡೆಸುವುದು ಇನ್ನು ನನ್ನಿಂದ ಆಗಲ್ಲ.

ನಂಜನಗೂಡು, ಜಿಗಣಿ ಕಡೆ ಔಷಧ ಕಂಪನಿಗಳ ಲ್ಯಾಬ್‌ಗೆ ಪ್ರಯತ್ನಿಸಿದೆ. ರಾತ್ರಿಯೆಲ್ಲ ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ ಯಂತ್ರ) ಮುಂದೆ ಕೂತು ಸ್ಯಾಂಪಲ್ ಓಡಿಸಿದವಳು ನಾನು, ಆದರೂ ‘ಇಂಡಸ್ಟ್ರಿ ಅನುಭವ ಎಷ್ಟು?’ ಅಂತ ಕೇಳಿ ಕಳಿಸುತ್ತಾರೆ. ಈಗ ಪೇಟೆಂಟ್ ಏಜೆಂಟ್ (ಹೊಸ ಆವಿಷ್ಕಾರ ಮಾಡಿದವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ಸಲ್ಲಿಸುವವರು) ಪರೀಕ್ಷೆ ಕಡೆ ಮನಸ್ಸು ಜಾಸ್ತಿ. ಅದಕ್ಕೆ ಕಾನೂನು ಪದವಿ ಬೇಕಿಲ್ಲ, ವಿಜ್ಞಾನ ಪದವಿ ಸಾಕು. ಎರಡು ಪೇಪರ್, ಆಮೇಲೆ ವೈವಾ.

ಪಾಸಾಗಿ ಈ ಕೆಲಸ ಮಾಡುತ್ತಿರುವವರು ಇದ್ದೀರಾ? ಮನೆಯಲ್ಲೇ ಓದಿದರೆ ಸಾಕಾ, ಕೋಚಿಂಗ್ ಬೇಕಾ? 34ಕ್ಕೆ ಹೊಸಬಳಾಗಿ ಸೇರಿಸಿಕೊಳ್ಳುತ್ತಾರಾ? ದಯವಿಟ್ಟು ನೇರವಾಗಿ ಹೇಳಿ.